ಹುಳದ ಕೋಣೆಗೆ ಕೂರಿಸಿದ ತಂಪಿನ ಯಂತ್ರ

“ನಮ್ಮ ಹಿತ್ತಲ ಬಾವಿ ಬತ್ತೋಯ್ತು, ನಿಮ್ಮ ಮಿಷನ್ನಲ್ಲಿ ಮಾತ್ರ ನೀರು ಬರೋದು ನಿಂತಿಲ್ಲ ನೋಡಿ!”

ಶಿಡ್ಲಘಟ್ಟದ ಯಜಮಾನರು ಬಾಗಿಲಲ್ಲೇ ಹೀಗೆ ಹೇಳಿದಾಗ ನಾನು ನಕ್ಕೆ. ಅವರೂ ನಕ್ಕರು. ಆಗಿನ್ನೂ ನಗುವ ಹಾಗಿತ್ತು.

ಅದು ಅರವತ್ತರ ದಶಕದ ಒಂದು ಬೇಸಿಗೆ. ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಮೆಕ್ಯಾನಿಕ್ ಆಗಿದ್ದೆ. ಊರು ಚಿಕ್ಕಬಳ್ಳಾಪುರ ಆದದ್ದರಿಂದ ಆ ಸೀಮೆಯಲ್ಲಿ ಮಾರಿದ ಏರ್ ಕಂಡೀಷನರುಗಳೆಲ್ಲ ನನ್ನ ತಲೆಗೇ ಕಟ್ಟಿದ್ದರು. ಎಲ್ಲ ಎಂದರೆ ಎಷ್ಟು ಮಹಾ! ಚಿಂತಾಮಣಿಯಲ್ಲಿ ಒಬ್ಬ ಡಾಕ್ಟರ ಮನೆಯದು, ಗೌರಿಬಿದನೂರಿನಲ್ಲಿ ಒಬ್ಬ ಎಣ್ಣೆ ಮಿಲ್ಲಿನವರದು, ಆಮೇಲೆ ಇದು. ಮೊದಲಿನ ಎರಡೂ ಮನುಷ್ಯರು ಮಲಗುವ ಕೋಣೆಯಲ್ಲಿದ್ದವು. ಇದನ್ನು ಮಾತ್ರ ರೇಷ್ಮೆ ಹುಳಕ್ಕೆಂದು ತರಿಸಿದ್ದರು.

ಹುಳಕ್ಕೆ ತಂಪು ಬೇಕೆಂದು ಹಟ ಹಿಡಿದವರು ಯಜಮಾನರ ತಂಗಿ. ಗಂಡನ ಮನೆಯಿಂದ ಹಿಂದಿರುಗಿ ಅಣ್ಣನ ಮನೆಯಲ್ಲಿದ್ದರು. ಯಾಕೆ ಎಂದು ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಸರ್ಕಾರದ ರೇಷ್ಮೆ ಫಾರಂನಲ್ಲಿ ಕೆಲವು ತಿಂಗಳು ತರಬೇತಿ ಮಾಡಿ ಬಂದಿದ್ದರು. ನಮ್ಮ ಕಡೆಯ ಹಳದಿ ಗೂಡಿನ ಹುಳ ಎಂಥ ಸೆಖೆಯನ್ನೂ ತಡೆದುಕೊಳ್ಳುತ್ತದೆ. ಬೆಳ್ಳನೆಯ ಗೂಡು ಕಟ್ಟುವ ಹೊರದೇಶದ ಜಾತಿ ಹಾಗಲ್ಲ, ಬೆಳೆದಷ್ಟೂ ತಂಪು ಕೇಳುತ್ತದೆ. ಬೇಸಿಗೆಯಲ್ಲಿ ಅದನ್ನು ಸಾಕಿ ಬಿತ್ತನೆಗೆ, ಅಂದರೆ ಮುಂದಿನ ಬೆಳೆಯ ಮೊಟ್ಟೆ ತೆಗೆಯಲು, ಆಗುವಂಥ ಗೂಡು ತೆಗೆದವರು ಆ ಸುತ್ತಿನಲ್ಲಿ ಯಾರೂ ಇರಲಿಲ್ಲ. ಆಕೆ ತೆಗೆಯುತ್ತೇನೆ ಎಂದರು. ಯಜಮಾನರು ಒಂದು ಮಾತು ಕೊಟ್ಟಿದ್ದರು: ಈ ಬೆಳೆ ಕೈಗೆ ಬಂದು, ಫಾರಂನವರು ಗೂಡನ್ನು ಬಿತ್ತನೆಗೆ ಒಪ್ಪಿದರೆ, ಸಾದಲಿ ಕಡೆಯ ಹಿಪ್ಪುನೇರಳೆ ತೋಟವೂ ಹುಳುಮನೆಯೂ ಆಕೆಯ ಉಸ್ತುವಾರಿಗೆ. ಬಾರದಿದ್ದರೆ ಆ ಮಾತೇ ಎತ್ತಬಾರದು.

ಯಂತ್ರ ಕೂರಿಸಲು ಹೋದ ದಿನ ಇದೆಲ್ಲವನ್ನೂ ಯಜಮಾನರೇ ನಗುನಗುತ್ತಾ ಹೇಳಿದ್ದರು. ಕೋಣೆ ಆಗ ಖಾಲಿ. ಯುಗಾದಿಗೆಂದು ಮನೆಗೆಲ್ಲ ಸುಣ್ಣ ಹೊಡೆದು ಹೊಸದಾಗಿ ಕಾಣುತ್ತಿತ್ತು. ನಾನು ಕಿಟಕಿಯಲ್ಲಿ ಮರದ ಚೌಕಟ್ಟು ಕಟ್ಟಿಸಿ, ಪೆಟ್ಟಿಗೆಯ ಬೆನ್ನು ಹೊರಗೆ ಒಂಚೂರು ತಗ್ಗಿರುವ ಹಾಗೆ ಕೂರಿಸಿದೆ. ಹಾಗೆ ತಗ್ಗಿಸುವುದಕ್ಕೆ ಕಾರಣವಿದೆ. ತಣ್ಣೀರು ತುಂಬಿದ ಚೊಂಬಿನ ಮೈ ಬೆವರುತ್ತದಲ್ಲ, ಯಂತ್ರದೊಳಗಿನ ತಣ್ಣನೆಯ ಕೊಳವೆಗಳೂ ಹಾಗೇ ಬೆವರುತ್ತವೆ. ಕೋಣೆಯ ಗಾಳಿಯಲ್ಲಿರುವ ತೇವವೇ ನೀರಾಗಿ ಇಳಿದು, ಕೆಳಗಿನ ತಟ್ಟೆಗೆ ಬಿದ್ದು, ಹಿಂದಿನ ತೂತಿನಿಂದ ಹಿತ್ತಲಿಗೆ ಹೋಗಬೇಕು. ಓಟ, ಅಂದರೆ ಇಳಿಜಾರು, ಒಳಕ್ಕಿದ್ದರೆ, ಇಲ್ಲವೇ ತೂತು ಕಟ್ಟಿದರೆ, ನೀರು ಕೋಣೆಯೊಳಗೆ ಬರುತ್ತದೆ.

ಕೆಲಸ ಮುಗಿಸಿ ಜಗುಲಿಯಲ್ಲಿ ಕಾಫಿ ಕುಡಿಯುತ್ತಾ ಯಜಮಾನರಿಗೆ ಎಲ್ಲ ವಿವರಿಸಿದೆ. ಮುಂದಿನ ಮುಚ್ಚಳ ತೆಗೆದರೆ ಗಾಳಿ ಸೋಸುವ ಜಾಲರಿ ಸಿಗುತ್ತದೆ, ತಿಂಗಳಿಗೊಮ್ಮೆ ತೆಗೆದು ತೊಳೆಯಬೇಕು, ಉಳಿದ ಯಾವುದನ್ನೂ ಮುಟ್ಟಬೇಡಿ ಎಂದೆ. ಯಜಮಾನರು ತಲೆಯಾಡಿಸಿದರು. ಬಾಗಿಲ ಹಿಂದೆ ಬಳೆಯ ಸದ್ದು ಕೇಳಿಸಿತು. ಆಕೆ ಅಲ್ಲಿ ನಿಂತಿರಬೇಕು. ಮನೆಗೆ ಬಂದ ಗಂಡಸು ಮನೆಯ ಗಂಡಸಿನ ಜೊತೆ ಮಾತಾಡುವುದು ವಾಡಿಕೆ. ಯಂತ್ರದ ಜೊತೆ ದಿನವಿಡೀ ಇರುವವರು ಬಾಗಿಲ ಹಿಂದಿದ್ದಾರೆ, ವಿವರ ಕೇಳುತ್ತಿರುವವರು ಆ ಕೋಣೆಗೆ ಕಾಲಿಡದವರು ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಅದಾದ ಮೇಲೆ ಬಂದದ್ದು ಮೊದಲು ಹೇಳಿದ ಬಾವಿಯ ಮಾತು, ಯಂತ್ರ ಕೋಣೆಯೊಳಗೆ ಸೋರುವ ದೂರು. ಸಣ್ಣ ರೈಲಿನಲ್ಲಿ ಶಿಡ್ಲಘಟ್ಟಕ್ಕೆ ಹೋಗಿ, ಸಾಮಾನಿನ ಚೀಲ ಹಿಡಿದು ಹುಳದ ಕೋಣೆಯ ಕಡೆ ನಡೆದರೆ ಹೊಸ್ತಿಲಲ್ಲಿ ಯಜಮಾನರ ತಾಯಿ ಅಡ್ಡ ಕೂತಿದ್ದರು.

“ಏಮಯ್ಯಾ, ಎಲ್ಲಿಗೆ? ಹುಳ ಜ್ವರಕ್ಕೆ ಕೂತವೆ. ಹೊಸಬ್ರು ಒಳಕ್ಕೆ ಹೋಗಂಗಿಲ್ಲ.”

ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಸಲ ಬರುತ್ತದೆ. ಆಗ ಹುಳ ಮೇಯುವುದಿಲ್ಲ, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಆ ಹೊತ್ತಿನಲ್ಲಿ ಹುಳದ ತಟ್ಟೆ ಕದಲಿಸುವಂತಿಲ್ಲ, ಅನ್ಯರ ಕಣ್ಣು ಬೀಳುವಂತಿಲ್ಲ. ಆ ಅಜ್ಜಿ ಅರವತ್ತು ವರ್ಷದಿಂದ ಪಾಲಿಸಿಕೊಂಡು ಬಂದದ್ದು ಅದು. ನಾನು ಯಜಮಾನರ ಮುಖ ನೋಡಿದೆ. ಅವರು “ಹೊರಗಿಂದಾನೇ ಏನಾದ್ರೂ ನೋಡಿ, ಅಮ್ಮ ಹೇಳಿದ ಮೇಲೆ ಮುಗೀತು” ಎಂದರು.

ಹಿತ್ತಲಿಗೆ ಹೋಗಿ ಸ್ಟೂಲು ಹತ್ತಿದೆ. ನೀರು ಹೋಗುವ ತೂತು ಬೆಳ್ಳಗೆ ಮೆತ್ತಿಕೊಂಡಿತ್ತು. ಉಗುರಲ್ಲಿ ಕೆರೆದರೆ ಸುಣ್ಣ. ಪಕ್ಕದ ಗೋಡೆಯ ತುಂಬಾ ಯುಗಾದಿಯ ಸುಣ್ಣವೇ ಇತ್ತು. ಅದನ್ನು ಹೊಡೆಯುವಾಗ ಕುಂಚ ತಗುಲಿದೆ ಎಂದುಕೊಂಡೆ. ತಂತಿ ಹಾಕಿ ತಿವಿದೆ. ಯಂತ್ರದ ತಟ್ಟೆಯಲ್ಲಿ ನಿಂತಿದ್ದ ನೀರು ಬುಳಬುಳನೆ ಹಿತ್ತಲಿಗೆ ಇಳಿಯಿತು. ಯಜಮಾನರು ಚಪ್ಪಾಳೆ ತಟ್ಟಿದರು. ಅಜ್ಜಿ ಕೂಡ ಮಜ್ಜಿಗೆ ಕಳಿಸಿದರು. ಗೋಡೆಗೆ ಸುಣ್ಣ ಹೊಡೆದದ್ದು ಯಾವಾಗ, ಯಂತ್ರ ಕೂರಿಸಿದ್ದು ಯಾವಾಗ ಎಂದು ಒಮ್ಮೆ ಮನಸ್ಸಿನಲ್ಲಿ ಲೆಕ್ಕ ಹಾಕಿದ್ದರೆ ಸಾಕಿತ್ತು. ಮಜ್ಜಿಗೆ ತಣ್ಣಗಿತ್ತು, ಕುಡಿದು ರೈಲು ಹತ್ತಿದೆ.

ಕೆಲವು ದಿನ ಕಳೆದು ನಾನು ಚಿಂತಾಮಣಿಯಲ್ಲಿ ಡಾಕ್ಟರ ಮನೆಯ ಯಂತ್ರ ಬಿಚ್ಚಿಕೊಂಡು ಕೂತಿದ್ದಾಗ ಯಜಮಾನರ ಕಡೆಯ ಆಳು ಹುಡುಕಿಕೊಂಡು ಬಂದ. ಮತ್ತೆ ಸೋರುತ್ತಿದೆ, ಮೊದಲಿಗಿಂತ ಜಾಸ್ತಿ, ಈಗಲೇ ಬರಬೇಕಂತೆ ಎಂದ. ಡಾಕ್ಟರಿಗೆ ಸಮಾಧಾನ ಹೇಳಿ ಹೊರಟೆ.

ಈ ಸಲ ಯಜಮಾನರ ಮುಖದಲ್ಲಿ ನಗು ಇರಲಿಲ್ಲ. “ನಾಲ್ಕನೇ ಜ್ವರ, ದೊಡ್ಡ ಜ್ವರ. ಇದು ಎದ್ದರೆ ಗೂಡು ಕೈಗೆ ಬಂದಂಗೆ. ನೆಲವೆಲ್ಲ ತೇವ ಆಗಿದೆಯಂತೆ. ತೇವ ಇದ್ರೆ ಸುಣ್ಣಕಟ್ಟು ರೋಗ ಬರತ್ತಂತೆ, ಹುಳ ಸುಣ್ಣದಂಗೆ ಬೆಳ್ಳಗೆ ಗಟ್ಟಿಯಾಗಿ ಸಾಯತ್ತಂತೆ. ತಂಗಿ ಊಟ ಬಿಟ್ಟಿದ್ದಾಳೆ” ಎಂದರು.

“ಯಾವಾಗ ಸೋರುತ್ತೆ ಯಜಮಾನ್ರೇ?”

“ಯಾವಾಗೇನು, ಯಾವಾಗ್ಲೂ ಸೋರತ್ತೆ.”

ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ನಾನೂ ಅದೇ ಜಾತಿ. ಯಾವಾಗಲೂ ಸೋರುತ್ತದೆ ಎಂದರೆ ಓಟ ಸಾಲದು ಎಂದು ತೀರ್ಮಾನಿಸಿ ಹಿತ್ತಲಲ್ಲಿ ಸ್ಟೂಲು ಹತ್ತಿದೆ. ಹಿಂದಿನ ಆಸರೆಯ ಬೋಲ್ಟು ಸಡಿಲಿಸಿ ಬೆನ್ನನ್ನು ಇನ್ನಷ್ಟು ತಗ್ಗಿಸಲು ಹೊರಟೆ. ತೂತು ಮತ್ತೆ ಬೆಳ್ಳಗೆ ಕಟ್ಟಿತ್ತು. ಈ ಸಲ ಯುಗಾದಿಯ ಮೇಲೆ ಹಾಕಲು ಆಗಲಿಲ್ಲ. ಹೊಸದಾಗಿ ಯಾರೂ ಸುಣ್ಣ ಹೊಡೆದಿರಲಿಲ್ಲ. ಸ್ಪ್ಯಾನರು ಹಿಡಿದು ಹಾಗೇ ನಿಂತೆ.

ಯಂತ್ರದ ಪಕ್ಕದ ಕಿಟಕಿಗೆ ಒದ್ದೆ ಗೋಣಿತಾಟು ಇಳಿಬಿಟ್ಟಿದ್ದರು. ಅದರ ಹಿಂದಿನಿಂದ ದನಿ ಬಂತು.

“ಮೆಕ್ಯಾನಿಕ್ಕಣ್ಣ, ಒಂದ್ ಮಾತು.”

ನಾನು ಆಚೀಚೆ ನೋಡಿದೆ. ಯಜಮಾನರು ಜಗುಲಿಗೆ ಹೋಗಿದ್ದರು.

“ಮಿಷನ್ನು ಓಡೋವಾಗ ಒಂದು ಹನೀನೂ ಬೀಳಲ್ಲ. ಕರೆಂಟು ಹೋಗತ್ತಲ್ಲ, ಆಮೇಲೆ ಬೀಳೋದು. ಧೋ ಅಂತ ಸುರಿಯತ್ತೆ, ಮುಂದಿನ ತಟ್ಟೆಗಳಿಗೆಲ್ಲ ಎರಚತ್ತೆ.”

“ನಿಂತ ಮೇಲಾ?”

“ಹೂಂ, ನಿಂತ ಮೇಲೇನೇ. ಗಾಳಿನೂ ಈಗ ಮೊದಲಿನಂಗೆ ಬರಲ್ಲ, ಕಡಿಮೆ.”

“ಇದನ್ನ ಯಜಮಾನ್ರಿಗೆ ಹೇಳಿದ್ರಾ ಅಕ್ಕ?”

“ಹೇಳ್ದೆ. ನಿಂತಿರೋ ಮಿಷನ್ನು ಹೆಂಗೆ ಸೋರತ್ತೆ, ತಲೆ ಕೆಟ್ಟಿದ್ಯಾ ಅಂದ್ರು.”

ಸಡಿಲಿಸಿದ್ದ ಬೋಲ್ಟನ್ನು ಮತ್ತೆ ಬಿಗಿದೆ. ನಿಂತ ಮೇಲೆ ಸುರಿಯುವ ನೀರಿಗೆ ಒಂದೇ ಅರ್ಥ. ಒಳಗೆ ಮಂಜುಗಡ್ಡೆ ಕಟ್ಟುತ್ತಿದೆ. ತಣ್ಣನೆಯ ಕೊಳವೆಗಳ ಮೇಲೆ ಸಾಕಷ್ಟು ಗಾಳಿ ಹಾಯದಿದ್ದರೆ ಬೆವರು ಇಳಿಯುವ ಬದಲು ಅಲ್ಲೇ ಹೆಪ್ಪುಗಟ್ಟುತ್ತದೆ. ಕರೆಂಟು ಹೋದಾಗ ಅಷ್ಟೂ ಒಟ್ಟಿಗೆ ಕರಗುತ್ತದೆ. ಅಷ್ಟು ನೀರನ್ನು ಕೆಳಗಿನ ತಟ್ಟೆ ತಡೆಯಲಾರದು, ತೂತು ಕಟ್ಟಿದ್ದರಂತೂ ಕೇಳುವುದೇ ಬೇಡ. ನಾನು ಎರಡು ಸಲವೂ ಪೆಟ್ಟಿಗೆಯ ಬೆನ್ನಿಗೆ ಮದ್ದು ಮಾಡುತ್ತಿದ್ದೆ. ಕಾಯಿಲೆ ಇದ್ದದ್ದು ಮುಖದಲ್ಲಿ.

“ಅಕ್ಕ, ನಾನು ಒಳಗೆ ಬರಲೇಬೇಕು.”

 “ಬಾಗಿಲಿಗೆ ಬನ್ನಿ” ಎಂದರು.

ಹೊಸ್ತಿಲಲ್ಲಿ ಅಜ್ಜಿ ಎದ್ದು ನಿಂತರು. “ದೇವುಡಾ! ದೊಡ್ಡ ಜ್ವರದಾಗೆ ಹೊಸಬ್ರನ್ನ ಬಿಟ್ಕಂತಾರೇನೇ? ನಿನ್ ತಲೆ ಮೇಲೆ ನೀನೇ ಕಲ್ಲು ಹಾಕ್ಕಬೇಡ ಕಣೇ.”

“ಅಮ್ಮ, ಹುಳ ನಂದು. ನಾನೇ ಕರೀತಿದೀನಿ” ಎಂದರು ಆಕೆ. ದನಿ ಎತ್ತಲಿಲ್ಲ. ಅಜ್ಜಿ ಮಗಳ ಮುಖ ನೋಡಿ ಪಕ್ಕಕ್ಕೆ ಸರಿದರು.

ಕೈಕಾಲು ತೊಳೆದು, ಹೊಸ್ತಿಲಲ್ಲಿ ಹಾಕಿದ್ದ ಸುಣ್ಣದ ಪುಡಿ ತುಳಿದು ಒಳಗೆ ಹೋದೆ. ಆವತ್ತೇ ಆಕೆಯ ಮುಖ ಸರಿಯಾಗಿ ನೋಡಿದ್ದು. ನನ್ನಷ್ಟೇ ವಯಸ್ಸಿರಬಹುದು. ನಿದ್ದೆಗೆಟ್ಟ ಕಣ್ಣು. ಸ್ಟ್ಯಾಂಡಿನ ಮೇಲೆ ಸಾಲುಸಾಲು ಬಿದಿರಿನ ತಟ್ಟೆಗಳು, ಅವುಗಳಲ್ಲಿ ಹುಳಗಳು ತಲೆ ಎತ್ತಿಕೊಂಡು ಸುಮ್ಮನೆ ಕೂತಿದ್ದವು. ಹುಳದ ಮೇಲೆ, ತಟ್ಟೆಯ ಅಂಚಿಗೆ, ನೆಲಕ್ಕೆ, ಎಲ್ಲೆಲ್ಲೂ ಸುಣ್ಣದ ಪುಡಿ ಎರಚಿತ್ತು.

ಯಂತ್ರದ ಮುಂದಿನ ಮುಚ್ಚಳ ತೆಗೆದೆ. ಜಾಲರಿ ಎಲ್ಲಿ ಎಂದು ಹುಡುಕಬೇಕಾಯಿತು. ಅದು ಜಾಲರಿಯಾಗಿ ಉಳಿದಿರಲಿಲ್ಲ, ಗೋಡೆಯ ಗಾರೆಯಂತೆ ಗಟ್ಟಿಯಾಗಿತ್ತು. ಕಿತ್ತು ತೆಗೆದರೆ ಹಿಂದಿನ ಕೊಳವೆಗಳ ಮೇಲೆ ಬೆಳ್ಳನೆಯ ಮಂಜುಗಡ್ಡೆ, ಅದರಲ್ಲೂ ಸುಣ್ಣ.

“ಇಷ್ಟು ಸುಣ್ಣ ಯಾಕಕ್ಕ?”

“ಜ್ವರಕ್ಕೆ ಕೂತಾಗ ತಟ್ಟೆ ಒಣಗಿರಬೇಕು, ಅದಕ್ಕೆ ಸುಣ್ಣ ಎರಚ್ತೀವಿ. ಎಲ್ರೂ ಮಾಡೋದೇ. ನೀರು ಬಿದ್ದು ತೇವ ಆಗಕ್ಕೆ ಶುರುವಾಯ್ತಲ್ಲ, ಸುಣ್ಣಕಟ್ಟು ಬರತ್ತೆ ಅಂತ ಹೆದರಿ ಇನ್ನೂ ಜಾಸ್ತಿ ಹಾಕ್ದೆ. ಬೆಳಿಗ್ಗೆ, ಸಂಜೆ.” ನನ್ನ ಕೈಯಲ್ಲಿದ್ದ ಗಾರೆಗಟ್ಟಿದ ಜಾಲರಿಯನ್ನು ಬೆರಳಲ್ಲಿ ಕೆರೆದು ನೋಡಿದರು. “ಇದು... ನನ್ನ ಸುಣ್ಣಾನಾ?”

“ಹೌದಕ್ಕ” ಎಂದೆ. ಎರಚಿದ ಪುಡಿಯನ್ನು ಯಂತ್ರ ಗಾಳಿಯ ಜೊತೆ ಎಳೆದುಕೊಂಡಿತು. ಜಾಲರಿ ಕಟ್ಟಿತು, ಗಾಳಿ ನಿಂತಿತು, ಮಂಜು ಹೆಪ್ಪುಗಟ್ಟಿತು, ಕರೆಂಟು ಹೋದಾಗ ಕರಗಿ ಸುರಿಯಿತು. ತೇವ ಕಂಡು ಆಕೆ ಇನ್ನಷ್ಟು ಸುಣ್ಣ ಹಾಕಿದರು. ಅದೂ ಯಂತ್ರಕ್ಕೇ ಹೋಯಿತು. ಮಿಕ್ಕದ್ದು ನೀರಿನೊಡನೆ ಇಳಿದು ಹಿಂದಿನ ತೂತನ್ನು ಮುಚ್ಚಿತು. ಆಕೆ ಎಷ್ಟು ಮುತುವರ್ಜಿ ವಹಿಸಿದರೋ ಅಷ್ಟು ಬೇಗ ಕೋಣೆ ಕೆಟ್ಟಿತು. 

“ಜಾಲರಿ ತೊಳೆಯೋಕೆ ಹೇಳಿದ್ನಲ್ಲ ಅಕ್ಕ, ಮೊದಲ ದಿನಾನೇ?”

“ನನಗಾ? ಮಿಷನ್ನಿನ ಯಾವುದನ್ನೂ ಮುಟ್ಟಬಾರದಂತೆ, ಮೆಕ್ಯಾನಿಕ್ಕು ಹೇಳವ್ರೆ ಅಂತ ಅಣ್ಣಯ್ಯ ಹೇಳಿದ್ರು. ಅದಕ್ಕೇ ಬಟ್ಟೆ ಹಾಕಿ ಒರೆಸಕ್ಕೂ ಹೆದರಿಕೊಂಡಿದ್ದೆ.”

ನಾನು ಎರಡು ಮಾತು ಹೇಳಿದ್ದೆ. ಒಂದು ಮಾತ್ರ ಬಾಗಿಲು ದಾಟಿತ್ತು. ಯಜಮಾನರು ಬೇಕೆಂದು ಮಾಡಿದ್ದಲ್ಲ. ಹೊಸ ಸಾಮಾನು, ಹೆಂಗಸರು ಮುಟ್ಟಿ ಶಾಕ್ ಗೀಕ್ ಹೊಡೆದರೆ ಎಂಬ ಕಾಳಜಿ. ಇನ್ನು ತಿಂಗಳಿಗೊಮ್ಮೆ ಎಂದು ನಾನು ಹೇಳಿದ್ದಾದರೂ ಡಾಕ್ಟರ ಮಲಗುವ ಕೋಣೆಯ ಲೆಕ್ಕ, ಈ ಕೋಣೆಗೆ ದಿನವೂ ತೊಳೆದರೂ ಕಡಿಮೆಯೇ.

ಈಗ ಮಾಡುವುದೇನು? ಕೊಳವೆಗಳನ್ನು ನೀರು ಬಿಟ್ಟು ತೊಳೆಯದೆ ಯಂತ್ರ ಓಡಿಸುವಂತಿರಲಿಲ್ಲ. ತೊಳೆಯಬೇಕಾದರೆ ತಟ್ಟೆಗಳು ಆಚೆ ಹೋಗಬೇಕು. ದೊಡ್ಡ ಜ್ವರದಲ್ಲಿ ಕೂತ ಹುಳವನ್ನು ಕದಲಿಸಿದರೆ ಪೊರೆ ಬಿಡಲಾಗದೆ ಎಷ್ಟೋ ಸಾಯುತ್ತವೆ. ಯಂತ್ರ ನಿಲ್ಲಿಸಿ ಹಾಗೇ ಬಿಟ್ಟರೆ ಆ ತೇವದಲ್ಲಿ, ಆ ಸೆಖೆಯಲ್ಲಿ ಸುಣ್ಣಕಟ್ಟು ಖಂಡಿತ. ಇದನ್ನೆಲ್ಲ ಆಕೆಗೆ ಹೇಳಿದೆ, ಈ ಸಲ ನೇರವಾಗಿ ಆಕೆಗೇ. ಯಜಮಾನರು ಅಷ್ಟರಲ್ಲಿ ಬಾಗಿಲಿಗೆ ಬಂದು ನಿಂತಿದ್ದರು. 

ಆಕೆ ಒಂದು ತಟ್ಟೆಯ ಅಂಚನ್ನು ಮುಟ್ಟಿ ನಿಂತರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, “ತಟ್ಟೆ ಎತ್ತೋಣ” ಎಂದರು.

ನಡುಮನೆಯಲ್ಲಿ ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ ಒದ್ದೆ ಗೋಣಿ ಇಳಿಬಿಟ್ಟೆವು. ಒಂದೊಂದೇ ತಟ್ಟೆಯನ್ನು ಆಕೆ ಒಂದು ಕಡೆ, ಯಜಮಾನರು ಒಂದು ಕಡೆ ಹಿಡಿದು, ಹಾಲು ತುಂಬಿದ ಪಾತ್ರೆ ಸಾಗಿಸುವ ಹಾಗೆ ಸಾಗಿಸಿದರು. ಅಜ್ಜಿ ಬಯ್ಯುತ್ತಲೇ ಮುಂದೆ ನಡೆದು ದಾರಿಯಲ್ಲಿದ್ದ ಮಣೆ, ಚೊಂಬು ಸರಿಸುತ್ತಿದ್ದರು. ನಾನು ಯಂತ್ರ ಬಿಚ್ಚಿ ಹಿತ್ತಲಿಗೆ ಹೊತ್ತು, ಕೊಳವೆಗಳ ಸಂದಿಯಲ್ಲಿ ಕೂತ ಸುಣ್ಣವನ್ನು ಬ್ರಷ್ಷು ಹಾಕಿ ಉಜ್ಜಿದೆ. ಸಂಜೆಯ ಹೊತ್ತಿಗೆ ಮತ್ತೆ ಕೂರಿಸಿ ಓಡಿಸಿದರೆ ತಣ್ಣನೆಯ ಗಾಳಿ ಕೋಣೆಯ ಆ ತುದಿ ಮುಟ್ಟಿತು. ಬೇಕೆಂದೇ ಸ್ವಿಚ್ಚು ಆರಿಸಿ ಕಾದೆ. ಒಂದು ಹನಿಯೂ ಬೀಳಲಿಲ್ಲ. ಆದರೆ ಹುಳಗಳನ್ನು ಮತ್ತೊಮ್ಮೆ ಎತ್ತಿ ತರುವ ಧೈರ್ಯ ಯಾರಿಗೂ ಇರಲಿಲ್ಲ. ಅವು ನಡುಮನೆಯಲ್ಲೇ ಉಳಿದವು, ಯಂತ್ರ ಖಾಲಿ ಕೋಣೆಯನ್ನು ತಂಪು ಮಾಡುತ್ತಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಾಯಿತು ನನ್ನ ರಿಪೇರಿ.

ಚಿಂತಾಮಣಿಯ ಕೆಲಸ ಮುಗಿಸಿ ಹಿಂದಿರುಗುವಾಗ ಶಿಡ್ಲಘಟ್ಟದಲ್ಲಿ ಇಳಿದೆ. ಕೇಳುವ ಮೊದಲೇ ಗೊತ್ತಾಯಿತು, ಮನೆ ಅಷ್ಟು ನಿಶ್ಶಬ್ದವಾಗಿತ್ತು. ಆಕೆ ನನ್ನನ್ನು ನಡುಮನೆಗೆ ಕರೆದರು. ಕೋಣೆಯಲ್ಲಿ ಯಂತ್ರದ ಎದುರಿಗಿದ್ದ ತಟ್ಟೆಗಳ ಹುಳಗಳೆಲ್ಲ ಬೆಳ್ಳಗೆ ಸೆಟೆದು ಬಿದ್ದಿದ್ದವು. ಒಂದನ್ನು ನನ್ನ ಅಂಗೈ ಮೇಲಿಟ್ಟರು. ಬಳಪದ ತುಂಡಿನ ಹಾಗಿತ್ತು. ಯಂತ್ರದಿಂದ ದೂರವಿದ್ದ ಕೆಲವು ತಟ್ಟೆಗಳ ಹುಳಗಳು ಮಾತ್ರ ಉಳಿದು, ಜ್ವರ ಎದ್ದು, ಸರಸರ ಸದ್ದು ಮಾಡುತ್ತಾ ಸೊಪ್ಪು ಮೇಯುತ್ತಿದ್ದವು.

ಆ ತಟ್ಟೆಗಳ ಹುಳ ಗೂಡು ಕಟ್ಟಿತು. ಬೆಳ್ಳನೆಯ, ಗಟ್ಟಿಯಾದ, ಒಳ್ಳೆಯ ಗೂಡು ಎಂದು ನೋಡಿದವರೆಲ್ಲ ಹೇಳಿದರಂತೆ. ಆದರೆ ಸುಣ್ಣಕಟ್ಟು ಬಂದ ಮನೆಯ ಗೂಡನ್ನು ಬಿತ್ತನೆಗೆ ಒಪ್ಪುವುದಿಲ್ಲ. ಫಾರಂನಿಂದ ಬಂದವರು ಆಕೆಯ ಕೆಲಸ ಹೊಗಳಿದರು, ಗೂಡು ಮಾತ್ರ ಬೇಡ ಎಂದರು. ಗೂಡು ಸಾಧಾರಣ ನೂಲಿಗೆ ಹೋಯಿತು.

ಯಜಮಾನರು ತಂಗಿಯನ್ನು ಒಂದು ಮಾತೂ ಬಯ್ಯಲಿಲ್ಲ. “ಅವಳಿಗ್ಯಾಕೆ ಈ ತಾಪತ್ರಯ? ಊಟ ಬಟ್ಟೆಗೆ ಇಲ್ಲೇನು ಕಡಿಮೆ ಆಗಿದೆ? ಹಾಯಾಗಿರಲಿ” ಎಂದು ನನ್ನೆದುರೇ ಪ್ರೀತಿಯಿಂದ ಅಂದರು. ಕೊಟ್ಟ ಮಾತಿನ ಪ್ರಕಾರ ಆಕೆಯೂ ತೋಟದ ಸುದ್ದಿ ಎತ್ತಲಿಲ್ಲ. ನಾನು ಬಾಯಿ ಬಿಟ್ಟು, ಇನ್ನೊಂದು ಬೆಳೆ ನೋಡಿ ಯಜಮಾನ್ರೇ, ಈಗ ಕಾರಣ ಗೊತ್ತಾಗಿದೆಯಲ್ಲ ಎಂದೆ. “ಮಿಷನ್ನು ಚೆನ್ನಾಗಿದೆ ತಾನೆ?” ಎಂದು ಕೇಳಿದರು. ಚೆನ್ನಾಗಿದೆ ಎಂದೆ. “ಹಂಗಾದ್ರೆ ಅದನ್ನ ನನ್ನ ಮಲಗೋ ಕೋಣೆಗೆ ಕೂರಿಸಿಕೊಡಿ” ಎಂದರು.

ಕೂರಿಸಿಕೊಟ್ಟೆ. ಬೆನ್ನು ಸರಿಯಾಗಿ ತಗ್ಗಿತ್ತು, ನೀರು ಹಿತ್ತಲಿನ ದಾಸವಾಳದ ಬುಡಕ್ಕೆ ತೊಟ್ಟಿಕ್ಕುತ್ತಿತ್ತು. ಯಜಮಾನರು ಮಂಚದ ಮೇಲೆ ಕೂತು ಗಾಳಿಗೆ ಮುಖವೊಡ್ಡಿ, “ಆಹಾ, ಊಟಿ!” ಎಂದರು.

ಚೀಲ ಹೆಗಲಿಗೇರಿಸಿ ಹೊರಡುವಾಗ ಆಕೆ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಆ ಯಂತ್ರದ ಜೊತೆ ಬಂದಿದ್ದ ಎರಡನೇ ಜಾಲರಿ, ತೊಳೆದು ಒಣಗಿಸಿದ್ದು.

“ಮೆಕ್ಯಾನಿಕ್ಕಣ್ಣ, ಇನ್ನು ಮೇಲೆ ಇದನ್ನ ತೊಳೆಯೋದು ನಾನೇ ಅಂತೆ. ಏನೇನು ಮಾಡಬೇಕು ನನಗೇ ಹೇಳಿಬಿಡಿ.”

ನಾನು ಚೀಲ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತೆ. ಮುಚ್ಚಳ ತೆಗೆಯುವುದು ಹೇಗೆ, ಜಾಲರಿ ಹೊರಗೆಳೆಯುವುದು ಹೇಗೆ, ತಣ್ಣೀರಲ್ಲಿ ಅಲ್ಲಾಡಿಸಿ ತೊಳೆದು ನೆರಳಲ್ಲಿ ಒಣಗಿಸುವುದು, ಹಿಂದಿನ ತೂತಿಗೆ ಆಗಾಗ ಕಡ್ಡಿ ಹಾಕುವುದು, ಗಾಳಿ ಕಡಿಮೆಯಾದ ಹಾಗೆ ಅನ್ನಿಸಿದರೆ ಕೂಡಲೇ ನಿಲ್ಲಿಸಿ ನೋಡುವುದು. ಆಕೆ ಒಂದೂ ತಪ್ಪದೆ ಎಲ್ಲವನ್ನೂ ನನಗೇ ತಿರುಗಿ ಒಪ್ಪಿಸಿದರು. ಒಳಗೆ ಯಜಮಾನರ ಗೊರಕೆ ಶುರುವಾಗಿತ್ತು.

“ಇಷ್ಟೇನಾ?” ಎಂದರು ಆಕೆ.

“ಇಷ್ಟೇ ಅಕ್ಕ.”

ಆಕೆ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿದರು. ನೋಡುತ್ತಲೇ ಇದ್ದರು.

“ಇಷ್ಟೇನಾ ಅಣ್ಣ?”